‘ಲಿಂಚ್’ ಅನ್ನೋ ಪದ ಮೀಟಿಂಗಿನಲ್ಲಿ ಬಾಯಿಗೆ ಬಂದರೆ

ಅಟ್ಲಾಂಟಾಕ್ಕೆ ಬಂದು ಮೂರು ತಿಂಗಳಾಯಿತು, “ತಡವಾದರೆ ಕ್ಲೈಂಟ್ ನಮ್ಮನ್ನ ಲಿಂಚ್ ಮಾಡ್ತಾರೆ” ಅಂತ ಮೀಟಿಂಗಿನಲ್ಲಿ ಅಂದೆ, ಕಪ್ಪುವರ್ಣೀಯ ಸಹೋದ್ಯೋಗಿ ಆಮೇಲೆ ಮಾತೇ ಆಡಲಿಲ್ಲ, ಅಷ್ಟು ಕೆಟ್ಟ ಪದವಾ ಅಂತ ಕೇಳಿದ್ದೀರಿ. ಹೌದು, ಅಷ್ಟು ಕೆಟ್ಟದ್ದು. “ಬಾಸ್ ಕೊಂದೇ ಹಾಕ್ತಾರೆ” ಅನ್ನೋ ನಮ್ಮ ರೂಢಿಯಲ್ಲೇ ನಿಮಗದು ಬಂದಿದೆ ಅಂತ ನನಗೆ ಗೊತ್ತು. ಅವರಿಗೆ ಗೊತ್ತಾಗಬೇಕಲ್ಲ?

ನಾವು ಕನ್ನಡದಲ್ಲಿ ಗುಂಪು ಹತ್ಯೆ ಅಂತೀವಿ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ವದಂತಿ ನಂಬಿದ ಜನ ಒಬ್ಬ ಯುವಕನನ್ನು ಹೊಡೆದು ಕೊಂದರಲ್ಲ, ಅಂಥದ್ದು. ನಮ್ಮ ಪದದಲ್ಲಿ ನಡೆದದ್ದು ನೇರವಾಗಿ ಕಾಣುತ್ತೆ. ಇಂಗ್ಲಿಷಿನದು ಒಬ್ಬ ಮನುಷ್ಯನ ಹೆಸರು.

ಚಾರ್ಲ್ಸ್ ಲಿಂಚ್ ವರ್ಜೀನಿಯಾದ ಜಮೀನ್ದಾರ. 1780ರಲ್ಲಿ, ಸ್ವಾತಂತ್ರ್ಯ ಯುದ್ಧದ ನಡುವೆ, ಬ್ರಿಟಿಷರ ಪರ ಎಂಬ ಅನುಮಾನವಿದ್ದವರನ್ನು ಹಿಡಿಸಿ, ತನಗಿಲ್ಲದ ಅಧಿಕಾರ ಚಲಾಯಿಸಿ ಶಿಕ್ಷೆ ಕೊಟ್ಟ. 1782ರಲ್ಲಿ ಅಲ್ಲಿನ ಶಾಸನಸಭೆ ಅದನ್ನು ಮನ್ನಿಸಿಬಿಟ್ಟಿತು. (ವಿಲಿಯಂ ಲಿಂಚ್ ಎಂಬ ಇನ್ನೊಬ್ಬನಿಂದ ಬಂದ ಪದ ಅನ್ನುವವರೂ ಇದ್ದಾರೆ.) ಆಗ ‘ಲಿಂಚ್ ಕಾನೂನು’ ಅಂದರೆ ಹೆಚ್ಚಾಗಿ ಚಾಟಿ ಏಟು, ಕೊಲೆಯಲ್ಲ. ನನ್ನನ್ನು ಕಾಡುವುದು ಶಾಸನಸಭೆ ಹಾಗೆ ಮನ್ನಿಸಿದ್ದು.

ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಲಿಂಚ್ ಅಂದರೆ ಗುಂಪು ಸೇರಿ ಕೊಲ್ಲುವುದು, ಹೆಚ್ಚಾಗಿ ಮರಕ್ಕೆ ನೇಣು ಹಾಕುವುದು, ಎಂದಾಯಿತು. 1877ರಿಂದ 1950ರವರೆಗೆ ಹೀಗೆ ಸತ್ತ ಕಪ್ಪುಜನರು 4,400ಕ್ಕೂ ಹೆಚ್ಚು ಎಂದು ಈಕ್ವಲ್ ಜಸ್ಟಿಸ್ ಇನಿಶಿಯೇಟಿವ್ ಎಂಬ ಸಂಸ್ಥೆ ದಾಖಲಿಸಿದೆ. ಗುಟ್ಟಾಗಿ ನಡೆದದ್ದಷ್ಟೇ ಅಲ್ಲ. ಮಕ್ಕಳನ್ನು ಕರೆದುಕೊಂಡು ಜನ ನೋಡಲು ಬರುತ್ತಿದ್ದರು, ಫೋಟೊಗಳು ಪೋಸ್ಟ್‌ಕಾರ್ಡಾಗಿ ಮಾರಾಟವಾಗುತ್ತಿದ್ದವು. ಇದರ ವಿರುದ್ಧ ಮೊದಲ ಮಸೂದೆ 1900ರಲ್ಲೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಬಂತು. ಕಾನೂನಾದದ್ದು 2022ರ ಮಾರ್ಚಿನಲ್ಲಿ! 1955ರಲ್ಲಿ ಮಿಸಿಸಿಪ್ಪಿಯಲ್ಲಿ ಕೊಲೆಯಾದ 14 ವರ್ಷದ ಹುಡುಗ ಎಮ್ಮೆಟ್ ಟಿಲ್ ಹೆಸರು ಅದಕ್ಕಿದೆ. ಅವನ ಓರಗೆಯವರು ಈಗಲೂ ಬದುಕಿದ್ದಾರೆ. ನಿಮ್ಮ ಸಹೋದ್ಯೋಗಿಯ ಮನೆಯಲ್ಲೂ ಅಂಥ ಅಜ್ಜನೋ ಅಜ್ಜಿಯೋ ಇರಬಹುದು.

ನಾನು ಇಲ್ಲಿಗೆ ಬಂದು ಇಪ್ಪತ್ತು ವರ್ಷ ಮೇಲಾದರೂ ಇದು ಮನಸ್ಸಿಗೆ ಇಳಿದದ್ದು ಅಲಬಾಮಾದ ಮಾಂಟ್ಗೊಮೆರಿಯಲ್ಲಿ ಹೀಗೆ ಸತ್ತವರ ನೆನಪಿಗೆ ಕಟ್ಟಿದ ಸ್ಮಾರಕಕ್ಕೆ ಹೋದಾಗ. 2018ರಲ್ಲಿ ತೆರೆದದ್ದು, ಅಟ್ಲಾಂಟಾದಿಂದ ಕಾರಿನಲ್ಲಿ ಎರಡೂವರೆ ಗಂಟೆ ದಾರಿ. 800ಕ್ಕೂ ಹೆಚ್ಚು ಉಕ್ಕಿನ ಕಂಬಗಳು, ಕೌಂಟಿಗೊಂದು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಮೊದಲು ಕಣ್ಣಿನ ಮಟ್ಟದಲ್ಲಿರುತ್ತವೆ. ನೆಲ ಇಳಿಯುತ್ತಾ ಹೋದಂತೆ ತಲೆಯ ಮೇಲೆ ತೂಗತೊಡಗುತ್ತವೆ. ಒಂದರ ಮೇಲೆ ಫುಲ್ಟನ್ ಅಂತಿತ್ತು. ನಾನು ದಿನಾ ಕೆಲಸಕ್ಕೆ ಹೋಗುವ ಕೌಂಟಿ.

ನಾಳೆ ಅವರೊಬ್ಬರೇ ಇದ್ದಾಗ ಹೋಗಿ, “ಅರ್ಥ ತಿಳಿಯದೆ ಅಂದೆ, ತಪ್ಪಾಯಿತು” ಅನ್ನಿ. “ನಮ್ಮೂರಲ್ಲಿ ಹೀಗೇ ಮಾತಾಡ್ತೀವಿ” ಅಂತ ಸೇರಿಸಬೇಡಿ. ಅವರು ಏನಾದರೂ ಹೇಳಿದರೆ ಕೂತು ಕೇಳಿ.