ಮತ್ತೆ ಮತ್ತೆ ಅದೇ ಪಾಪ

ಪ್ರಶ್ನೆ: ಪ್ರತಿ ಭಾನುವಾರ ಪಶ್ಚಾತ್ತಾಪಪಟ್ಟು ಪ್ರಾರ್ಥಿಸುತ್ತೇನೆ, ಬುಧವಾರದೊಳಗೆ ಮನೆಯವರ ಮೇಲೆ ಅದೇ ಕೋಪ, ಅದೇ ಕಟುಮಾತು. ನನ್ನ ವಿಶ್ವಾಸವೇ ಸುಳ್ಳೇ?

ಉತ್ತರ: ಹಾಗೆಂದುಕೊಳ್ಳಬೇಡಿ. ಬಯಸುವ ಒಳ್ಳೆಯದನ್ನು ಮಾಡದೆ ಬಯಸದ ಕೆಟ್ಟದ್ದನ್ನೇ ಮಾಡುತ್ತೇನೆಂಬ ಅಳಲನ್ನು ಆದಿ ಕ್ರೈಸ್ತ ಬೋಧಕನಾದ ಪೌಲನು ರೋಮಾಪುರದವರಿಗೆ ಬರೆದ, ಬೈಬಲಿನಲ್ಲಿರುವ ಪತ್ರದ 7ನೆಯ ಅಧ್ಯಾಯದಲ್ಲಿ ತೋಡಿಕೊಂಡಿದ್ದಾನೆ (ಅದು ಅವನ ಹಿಂದಿನ ಸ್ಥಿತಿಯೆನ್ನುವ ವ್ಯಾಖ್ಯಾನಕಾರರೂ ಇದ್ದಾರೆ). ನಿಜವಾಗಿ ಚಿಂತಿಸಬೇಕಾದದ್ದು ಪಾಪ ಮಾಡಿಯೂ ನೋವಾಗದಿದ್ದಾಗ.

ಆದರೆ ನೀವು ಹೋರಾಟವನ್ನು ತಡವಾಗಿ ಆರಂಭಿಸುತ್ತಿರುವಂತೆ ನನಗೆ ತೋರುತ್ತದೆ. ದುರಾಶೆಯು ಬಸುರಾಗಿ ಪಾಪವನ್ನು ಹೆರುತ್ತದೆ ಎನ್ನುತ್ತಾನೆ ಬೈಬಲಿನ ಇನ್ನೊಂದು ಪತ್ರವನ್ನು ಬರೆದ ಯಾಕೋಬ. ಅಂದರೆ ಕಟುಮಾತು ನಾಲಿಗೆಗೆ ಬರುವ ಎಷ್ಟೋ ಮೊದಲೇ, ಮನೆಗೆ ಬರುವ ದಾರಿಯಲ್ಲಿ ನೀವು ಇತರರ ತಪ್ಪುಗಳನ್ನು ಒಂದೊಂದಾಗಿ ಎಣಿಸತೊಡಗಿದ ಗಳಿಗೆಯಲ್ಲೇ, ಅದು ಗರ್ಭಕಟ್ಟಿರುತ್ತದೆ. ಆ ಎಣಿಕೆಯನ್ನು ಅಲ್ಲೇ ನಿಲ್ಲಿಸಿ, ಅದೇ ವ್ಯಕ್ತಿಗಾಗಿ ಹೆಸರು ಹೇಳಿ ಎರಡು ಮಾತು ಪ್ರಾರ್ಥಿಸಿ, ಆಮೇಲೆ ಬಾಗಿಲು ತಟ್ಟಿ.

ಎಡವಿದರೆ ಭಾನುವಾರದವರೆಗೆ ಕಾಯಬೇಡಿ. ಸೂರ್ಯ ಮುಳುಗುವುದರೊಳಗೆ ಕೋಪ ತೀರಲಿ ಎಂದು ಎಫೆಸದವರಿಗೆ ಬರೆದ ಪತ್ರವು ಹೇಳುತ್ತದೆ. ದೇವರಲ್ಲಿ ಅರಿಕೆ ಮಾಡಿಕೊಂಡಂತೆಯೇ ನೊಂದವರಲ್ಲಿಯೂ ನೆಪ ಹೇಳದೆ ಕ್ಷಮೆ ಕೇಳಿ. ಇದು ಪ್ರಾರ್ಥನೆಗಿಂತ ಕಷ್ಟವೆಂದು ಬಲ್ಲೆ. ನಂಬಿಕೆಯ ಒಬ್ಬ ಸಹವಿಶ್ವಾಸಿಗೆ ವಿಷಯ ತಿಳಿಸಿ, ವಾರಕ್ಕೊಮ್ಮೆ ನಿಮ್ಮನ್ನು ವಿಚಾರಿಸುವಂತೆ ಕೇಳಿಕೊಳ್ಳಿ.