ಪ್ರವಾದಿಯ ಮಾತು ಒಪ್ಪದ ಗಂಡ, ಹತ್ತಿರ ಬಂದ ಮಗಳ ಮದುವೆ

ನಮ್ಮಲ್ಲಿಗೆ ಆಪ್ತಸಲಹೆಗೆ ಬಂದವರು ಅಮೆರಿಕದ ಯೂಟಾ ರಾಜ್ಯದ ದಂಪತಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ಗಂಡನಿಗೆ 47, ಹೆಂಡತಿಗೆ 45. ಇಬ್ಬರೂ ಹುಟ್ಟಿನಿಂದ ಮಾರ್ಮನ್ನರು, ಅಂದರೆ ಯೂಟಾದಲ್ಲಿ ಕೇಂದ್ರವಿರುವ ಕ್ರೈಸ್ತ ಪಂಥದವರು. ನಾಲ್ಕು ತಿಂಗಳಲ್ಲಿ ಅವರ ಪವಿತ್ರ ಮಂದಿರವಾದ ಟೆಂಪಲ್‌ನಲ್ಲಿ ಮಗಳ ಮದುವೆ. ಒಳಗೆ ಹೋಗಲು ‘ರೆಕಮೆಂಡ್’ ಎಂಬ ಪರವಾನಗಿ ಬೇಕು, ಹೆತ್ತವರಿಗೂ ವಿನಾಯಿತಿ ಇಲ್ಲ. ಅದು ಎರಡು ವರ್ಷಕ್ಕೊಮ್ಮೆ ನವೀಕರಣ. ಮೊದಲು ಸ್ಥಳೀಯ ಘಟಕದ ಮುಖ್ಯಸ್ಥರಾದ ಬಿಷಪ್, ಆಮೇಲೆ ಹಲವು ಘಟಕಗಳು ಸೇರಿದ ‘ಸ್ಟೇಕ್’ನ ಮುಖಂಡರು ನಿಗದಿತ ಪ್ರಶ್ನೆಗಳನ್ನು ಕೇಳುತ್ತಾರೆ. ಸಭೆಯ (ಮಾರ್ಮನ್ ಚರ್ಚಿನ) ಅಧ್ಯಕ್ಷರನ್ನು ಪ್ರವಾದಿಯೆಂದು ಒಪ್ಪಿ ಬೆಂಬಲಿಸುತ್ತೀರಾ ಎಂಬುದು ಅವುಗಳಲ್ಲೊಂದು. ಗಂಡನ ರೆಕಮೆಂಡ್ ಮದುವೆಗೆ ಮೊದಲೇ ಮುಗಿಯುತ್ತಿತ್ತು, ಆ ಪ್ರಶ್ನೆಗೆ ‘ಹೌದು’ ಎನ್ನಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ.

ಅವರ ತಕರಾರಿಗೆ ಆಧಾರವಿದೆ. ಸಲಿಂಗ ದಂಪತಿಯ ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಾರದೆಂದು 2015ರ ನವೆಂಬರ್‌ನಲ್ಲಿ ನಿಯಮ ಬಂತು. 2016ರಲ್ಲಿ ಅಧ್ಯಕ್ಷರ ನಂತರದ ಮುಖಂಡರಾದ ಅಪೊಸ್ತಲರಲ್ಲಿ ಆಗ ಹಿರಿಯರಾಗಿದ್ದ ರಸೆಲ್ ನೆಲ್ಸನ್ ಅದನ್ನು ದೈವಪ್ರಕಟಣೆ ಎಂದರು. 2019ರ ಏಪ್ರಿಲ್‌ನಲ್ಲಿ, ನೆಲ್ಸನ್ ಅವರೇ ಅಧ್ಯಕ್ಷರಾಗಿದ್ದಾಗ, ನಿಯಮ ಹಿಂದಕ್ಕೆ ಹೋಯಿತು. ಕಪ್ಪು ಜನಾಂಗದ ಗಂಡಸರಿಗೆ ಯಾಜಕತ್ವ ಸಿಕ್ಕಿದ್ದು 1978ರಲ್ಲಿ. ಆ ನಿರ್ಬಂಧಕ್ಕೆ ಹಿಂದಿನ ಮುಖಂಡರು ಕೊಟ್ಟಿದ್ದ ಸಮರ್ಥನೆಗಳನ್ನು 2013ರಲ್ಲಿ ಸಭೆಯೇ ತಳ್ಳಿಹಾಕಿತು. ಇವನ್ನೆಲ್ಲ ಸೇರಿಸಿ ಗಂಡ ಉದ್ದನೆಯ ಟಿಪ್ಪಣಿ ಬರೆದು ಹೆಂಡತಿಗೆ ಇಮೇಲ್ ಮಾಡಿದರು. ಮಾತು ಕೆಟ್ಟದ್ದು ಅಲ್ಲಿ. ಇಂಥ ಟಿಪ್ಪಣಿ ಎಷ್ಟು ಸರಿಯಾಗಿದ್ದರೂ ಓದುವವರಿಗೆ ಅದು ದೋಷಾರೋಪ ಪಟ್ಟಿಯೇ.

ಹೆಂಡತಿ ಅದಕ್ಕೆ 1890ರಲ್ಲಿ ಆಗಿನ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಹೇಳಿದ್ದನ್ನು ಎದುರಿಟ್ಟರು: ಅಧ್ಯಕ್ಷರು ಜನರನ್ನು ದಾರಿ ತಪ್ಪಿಸಲು ದೇವರು ಬಿಡುವುದಿಲ್ಲ. ವಾದ ಅಲ್ಲೇ ಸುತ್ತುತ್ತಿತ್ತು. ಎರಡನೇ ಭೇಟಿಯಲ್ಲಿ ಬೇರೆಯದೇ ಮಾತು ಹೊರಬಂತು: “ನೀವು ಇದನ್ನೆಲ್ಲ ಬಿಟ್ಟುಬಿಟ್ಟರೆ ಸತ್ತಮೇಲೆ ನಾನು ಒಬ್ಬಳೇನಾ?” ಟೆಂಪಲ್‌ನಲ್ಲಿ ‘ಸೀಲಿಂಗ್’ ಆದ ಕುಟುಂಬ ಸಾವಿನಾಚೆಗೂ ಒಂದಾಗಿರುತ್ತದೆ ಎಂಬುದು ಈ ನಂಬಿಕೆಯ ತಿರುಳು. ಗಂಡ ಪ್ರವಾದಿಯ ಬಗ್ಗೆ ಮಾತಾಡುತ್ತಿದ್ದರು, ಹೆಂಡತಿಗೆ ಕೇಳಿಸುತ್ತಿದ್ದುದು ಅಗಲಿಕೆ. ಮುಂದಿನ ಸಲಹೆಯೆಲ್ಲ ಇದರ ಮೇಲೆ ನಿಂತಿತು. ಯಾರ ನಂಬಿಕೆ ಸರಿ ಎಂದು ತೀರ್ಪು ಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲ.

ನಾವು ಹೇಳಿದ್ದು ಇಷ್ಟು: ವಾರಕ್ಕೆರಡು ಸಲ, ತಲಾ ಹತ್ತು ನಿಮಿಷ ಮಾತು. ಕೇಳಿದವರು ಉತ್ತರಿಸುವ ಮೊದಲು ಕೇಳಿಸಿಕೊಂಡದ್ದನ್ನು ತಮ್ಮ ಮಾತಲ್ಲಿ ಹೇಳಬೇಕು. ಮುಖಂಡರ ಉಲ್ಲೇಖ, ಲಿಂಕ್ ಯಾವುದೂ ಬೇಡ. ಭಾನುವಾರ ಆರಾಧನೆ ಮುಗಿಸಿ ಬಂದ ಕೂಡಲೇ ಬೇಡ, ಮಲಗುವ ಹೊತ್ತಲ್ಲೂ ಬೇಡ. ಗಂಡ ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿದರು: ಈಗಲೂ ನಂಬುವುದು, ನಂಬದಿರುವುದು, ಇನ್ನೂ ತೀರ್ಮಾನವಾಗದ್ದು. ಕ್ರಿಸ್ತ, ಪ್ರಾರ್ಥನೆ, ಕುಟುಂಬ ಮೊದಲ ಕಾಲಮ್ಮಿನಲ್ಲೇ ಇದ್ದವು. ಹೆಂಡತಿ ಅದನ್ನು ಎರಡು ಸಲ ಓದಿದರು.

ಬಿಷಪ್ ವಿಷಯದಲ್ಲಿ ಎಚ್ಚರ ಬೇಕಿತ್ತು. ಮಾರ್ಮನ್ ಬಿಷಪ್ ಸಂಬಳವಿಲ್ಲದ ಸ್ಥಳೀಯ ಸದಸ್ಯ. ಸಾಂತ್ವನ ಹೇಳುವವರೂ ಅವರೇ, ಸದಸ್ಯತ್ವದ ಬಗ್ಗೆ ವಿಚಾರಣೆ ನಡೆಸುವವರೂ ಅವರೇ. ಖಾಸಗಿ ಸಂಶಯಕ್ಕೆ, ಆರಾಧನೆಗೆ ಹೋಗದಿರುವುದಕ್ಕೆ ವಿಚಾರಣೆಯಿಲ್ಲ. ಸಭೆಯನ್ನೋ ಮುಖಂಡರನ್ನೋ ಉದ್ದೇಶಪೂರ್ವಕವಾಗಿ, ಬಹಿರಂಗವಾಗಿ, ಮತ್ತೆ ಮತ್ತೆ ವಿರೋಧಿಸಿದರೆ ಅದು ಧರ್ಮಭ್ರಷ್ಟತೆ. ಆದ್ದರಿಂದ ಮದುವೆ ಮುಗಿಯುವವರೆಗೆ ಫೇಸ್‌ಬುಕ್‌ನಲ್ಲಿ ಏನೂ ಬರೆಯಬಾರದೆಂದು ಗಂಡ ಒಪ್ಪಿದರು.

ಸುಳ್ಳು ಹೇಳಿ ರೆಕಮೆಂಡ್ ಪಡೆಯುವುದು ಬೇಡವೆಂದೆವು. ಇಂಥವರನ್ನು ಆಮೇಲೆ ಕೊರೆಯುವುದು ಆ ಸುಳ್ಳೇ, ಒಂದು ದಿನ ಜಗಳದಲ್ಲಿ ಅದು ಹೊರಗೂ ಬರುತ್ತದೆ. ಬದಲಿಗೆ ಸಂದರ್ಶನಕ್ಕೆ ಮೊದಲೇ ಬಿಷಪ್ಪರನ್ನು ಪ್ರತ್ಯೇಕವಾಗಿ ಕಂಡು ಒಂದೇ ಪ್ರಶ್ನೆ ಕೇಳುವುದು: “ಅಧ್ಯಕ್ಷರ ಅಧಿಕಾರ ಒಪ್ಪುತ್ತೇನೆ, 2015ರ ಆ ನಿಯಮ ದೇವರಿಂದ ಬಂತೆಂದು ಒಪ್ಪಲಾರೆ. ಇಷ್ಟು ಸಾಕೇ?” ಒಬ್ಬ ಬಿಷಪ್ ಸಾಕೆನ್ನುತ್ತಾರೆ, ಪಕ್ಕದ ಘಟಕದವರು ಇಲ್ಲವೆನ್ನುತ್ತಾರೆ. ಅಮೆರಿಕದ ಸದಸ್ಯರೇ ಇದನ್ನು ರೂಲೆಟ್ ಎಂಬ ಅದೃಷ್ಟದ ಜೂಜಿಗೆ ಹೋಲಿಸಿ ‘ಬಿಷಪ್ ರೂಲೆಟ್’ ಎಂದು ತಮಾಷೆ ಮಾಡುತ್ತಾರೆ. ಇವರಿಗೆ ಸಿಕ್ಕಿದ್ದು ‘ಸದ್ಯಕ್ಕೆ ಬೇಡ’ ಎಂಬ ಉತ್ತರ.

ಅದಕ್ಕೂ ದಾರಿಯಿತ್ತು. ಅಮೆರಿಕದಲ್ಲಿ ಮೊದಲು ಕಾನೂನು ಪ್ರಕಾರ ಹೊರಗೆ ಮದುವೆಯಾದವರು ಸೀಲಿಂಗ್‌ಗೆ ಒಂದು ವರ್ಷ ಕಾಯಬೇಕಿತ್ತು. 2019ರ ಮೇನಲ್ಲಿ ಸಭೆ ಆ ನಿಯಮ ತೆಗೆದಿದೆ. ಬೆಳಿಗ್ಗೆ ಎಲ್ಲರೆದುರು ಮದುವೆ, ಮಧ್ಯಾಹ್ನ ಟೆಂಪಲ್ ಒಳಗೆ ಸೀಲಿಂಗ್ ಎಂದಾಯಿತು. ಆದರೆ ಇದನ್ನು ಮಗಳಿಗೆ ಅಪ್ಪ ಅಮ್ಮ ಇಬ್ಬರೂ ಕೂತು ಹೇಳಬೇಕೆಂದು ಪಟ್ಟು ಹಿಡಿದೆವು. ಅಮ್ಮನ ಬಾಯಲ್ಲಿ ಅಪ್ಪನ ದೂರು, ಅಪ್ಪನ ಬಾಯಲ್ಲಿ ಸಭೆಯ ದೂರು ಮಗಳ ಕಿವಿಗೆ ಬೀಳಬಾರದಿತ್ತು.

ಸಭೆಗೆ ಕೊಡುವ ದಶಮಾಂಶವನ್ನು ಹೆಂಡತಿ ತಮ್ಮ ಸಂಬಳದ ಶೇ 10ರಷ್ಟು ಮಾತ್ರ ಕೊಡುವುದೆಂದು ಮೂರು ತಿಂಗಳಿಗೆ ಒಪ್ಪಂದವಾಗಿದೆ. ಕಿರಿಯ ಮಗನಿಗೆ ಇನ್ನೊಂದು ವರ್ಷದಲ್ಲಿ 18. ಎರಡು ವರ್ಷದ ಮಿಷನ್ (ಧರ್ಮಪ್ರಚಾರ) ಸೇವೆಗೆ ಅವನು ಹೋಗಬೇಕೇ ಎಂಬುದರಲ್ಲಿ ಇಬ್ಬರಿಗೂ ಇನ್ನೂ ಒಮ್ಮತವಿಲ್ಲ.