ಒಂದು ಕಿಲೋಮೀಟರಿಗೇ ಉಸಿರು ಕಟ್ಟಿದರೆ

42ರ ವಯಸ್ಸಿನಲ್ಲಿ 1 ಕಿಲೋಮೀಟರ್ ಓಡುವಷ್ಟರಲ್ಲೇ ಉಸಿರು ಕಟ್ಟುತ್ತದೆ, ಮಂಡಿಯೂ ನೋಯುತ್ತದೆ, 10 ಕಿಲೋಮೀಟರ್ ಓಡಲು ಎಷ್ಟು ತಿಂಗಳು ಬೇಕೋ ತಿಳಿಯದು, ‘ನನ್ನದು ಓಟಕ್ಕೆ ಹೇಳಿಮಾಡಿಸಿದ ದೇಹವಲ್ಲ’ ಎಂದು ಬರೆದಿದ್ದೀರಿ. ತಪ್ಪು ಬಹುಶಃ ದೇಹದ್ದಲ್ಲ, ವೇಗದ್ದು. ಆ ದೂರವನ್ನು ನಿಮ್ಮಂತೆ 6 ನಿಮಿಷದಲ್ಲಿ ಮುಗಿಸುವುದು ಹೊಸಬರಿಗೆ ಓಟವಲ್ಲ, ಪಂದ್ಯ.

ಮೊದಲು ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿ. ಆಮೇಲೆ ವಾರಕ್ಕೆ 3 ದಿನ, ನಡುವೆ ಒಂದೊಂದು ದಿನ ಬಿಟ್ಟು, 1 ನಿಮಿಷ ಓಡಿ 2 ನಿಮಿಷ ನಡೆಯಿರಿ. ಹೀಗೆ 8 ಸುತ್ತು. ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಮಾತನಾಡಲು ಆಗಬೇಕು, ಅಷ್ಟು ನಿಧಾನ. ಉದ್ಯಾನದಲ್ಲಿ ಬಿರುಸಾಗಿ ನಡೆಯುವ ಅಜ್ಜಂದಿರು ನಿಮ್ಮನ್ನು ಹಿಂದೆ ಹಾಕುತ್ತಾರೆ, ಹಾಕಲಿ. ಇದು ಸುಲಭವೆನಿಸಿದ ಮೇಲೆ ಓಟವನ್ನು 2 ನಿಮಿಷಕ್ಕೆ, ಮುಂದೆ 3ಕ್ಕೆ ಏರಿಸಿ. ಸಮಯ ಹೆಚ್ಚಿಸುವ ವಾರ ವೇಗ ಹೆಚ್ಚಿಸಬೇಡಿ.

ನಾನೂ ನಡುವಯಸ್ಸಿನಲ್ಲಿ ಇದೇ ದಾರಿಯಲ್ಲಿ 10 ಕಿಲೋಮೀಟರ್ ತಲುಪಿದವನು. ನಿಜವಾದ ಅಪಾಯ ಶುರುವಾಗುವುದು ಉಸಿರು ಹಿಡಿತಕ್ಕೆ ಬಂದ ಮೇಲೆ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಪಳಗುತ್ತವೆ. ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜು, ಮೂಳೆಗಳಿಗೆ ತಿಂಗಳುಗಳೇ ಬೇಕು. ‘ಆಗುವುದೇ ಇಲ್ಲ’ ಎನ್ನುತ್ತಿದ್ದವರು ‘ಎಷ್ಟಾದರೂ ಆಗುತ್ತದೆ’ ಎಂದು ಹೊರಟು ಮೊಣಕಾಲ ಕೆಳಗಿನ ಮೂಳೆ ನೋಯಿಸಿಕೊಳ್ಳುವುದು ಆಗಲೇ.

ನಿಮಗೆ 10 ಕಿಲೋಮೀಟರಿಗೆ ಎಷ್ಟು ತಿಂಗಳು ಹಿಡಿಯುತ್ತದೆಂದು ಹೇಳಲಾರೆ. ನೀವು ಹೇಳಿದ ಮಂಡಿನೋವಿನ ಮೂಲವನ್ನೂ ಇಲ್ಲಿಂದ ಊಹಿಸಲಾಗದು. ಮರುದಿನವೂ ಉಳಿದರೆ ಓಟ ನಿಲ್ಲಿಸಿ ತೋರಿಸಿಕೊಳ್ಳಿ. ಎದೆನೋವು, ತಲೆಸುತ್ತು ಬಂದರೆ ಕಾಯದೆ ವೈದ್ಯರಲ್ಲಿಗೆ ಹೋಗಿ.